ಇಳಿಯುವ ನೀರಿನ ಕೆಲಸ

ನೀರು ಮೊಣಕಾಲಿನಷ್ಟಕ್ಕೆ ಇಳಿದ ದಿನ ಬೆಳಿಗ್ಗೆ ಅಕ್ಕ ವಿಜಯವಾಡದಿಂದ ಫೋನು ಮಾಡಿದಳು. ಒಂದು ವಾರದಿಂದ ಅವಳು, ಅವಳ ಗಂಡ, ಅವಳ ಅತ್ತೆ ಮೂವರೂ ಪಕ್ಕದ ಮನೆಯವರ ಮಹಡಿಯ ಮೇಲಿದ್ದರು. ಕೆಳಗೆ ಅವರ ಮನೆಯೊಳಗೆ ಕಿಟಕಿಯ ಮಟ್ಟಕ್ಕೆ ನೀರು ನಿಂತಿತ್ತು. ಈಗ ಅದು ಹೊರಟಿತ್ತು.

"ತಮ್ಮಾ, ನೀರು ಇಳ್ಯಾಕತ್ತೈತಿ. ಕೆಳಗ ಹೋಗ್ಲೇನು?"

ನಾನು ವಿಶಾಖಪಟ್ಟಣದಲ್ಲಿ, ಕಾರ್ಖಾನೆಯ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ, ಒಣ ನೆಲದ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದೆ.

"ಬ್ಯಾಡ," ಅಂದೆ. "ಪೂರ್ತಿ ಇಳೀಲಿ. ಕರೆಂಟು, ಹಾವು, ಏನೇನರ ಇರ್ತಾವ. ನಾ ಪಂಪ್ ತಗೊಂಡು ಬರ್ತೀನಿ. ಅಲ್ಲೀತನಕ ಯಾರೂ ಕಾಲಿಡಬ್ಯಾಡ್ರಿ."

"ಆತು," ಅಂದಳು ಅಕ್ಕ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಆದರೂ ನಾನು ಓದಿದವನು ಅನ್ನುವ ಒಂದೇ ಕಾರಣಕ್ಕೆ ನನ್ನ ಮಾತನ್ನು ಯಾವತ್ತೂ ಮೀರಿದವಳಲ್ಲ. ಆ ದಿನವೂ ಮೀರಲಿಲ್ಲ. ಅದರ ಫಲವನ್ನು ಆಮೇಲೆ ಹಾರೆ ಹಿಡಿದು ಕೀಳಬೇಕಾಯಿತು.

ನಮ್ಮದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ಮೇಲಿನ ಒಂದು ಊರು. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದನ್ನು ಯಾರೂ ನನಗೆ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಎರಡು ಸಲ ಗಣಿತದಲ್ಲಿ ನಪಾಸಾಗಿ, ಹಾಸ್ಟೆಲಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆದು, ಮೂರನೆಯ ಸಲ ಪಾಸಾಗಿ ಎಂಜಿನಿಯರ್ ಆದವನು. ಸಂಕೋಚ ಇದ್ದದ್ದು ಆ ಪದವಿಯ ಬುಡದಲ್ಲಿದ್ದ ಕೆಲಸದ ಬಗ್ಗೆ.

ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡ. ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ಹೊಳೆ ತುಂಬಿ ಊರೊಳಗೆ ಬಂದ ವರ್ಷಗಳಲ್ಲಿ ಅವಳಿಗೆ ಇನ್ನೊಂದು ಕೆಲಸ ಇರುತ್ತಿತ್ತು. ಕೆಳಗಿನ ಓಣಿಯ ಉಳ್ಳವರ ಮನೆಗಳಿಗೆ ರಾಡಿ ತೆಗೆಯಲು ಹೋಗುವುದು. ನಮ್ಮ ಕಡೆ ಕೆಸರಿಗೆ ರಾಡಿ ಅನ್ನುತ್ತೇವೆ. ಆ ಕೆಲಸಕ್ಕೆ ಅವ್ವನನ್ನು ಬಿಟ್ಟರೆ ಇಲ್ಲ ಅನ್ನುವ ಹೆಸರಿತ್ತು. ಆಚೆ ದಂಡೆಯ ಊರುಗಳಿಂದಲೂ ಕರೆ ಬರುತ್ತಿತ್ತು. ಅಕ್ಕ ಏಳನೆಯ ತರಗತಿ ಬಿಟ್ಟು ಅವಳ ಜೊತೆ ಹೋದಳು. ನಾನು ಶಾಲೆಗೆ ಹೋದೆ.

ಆ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಬೇರೆ ಕೂಲಿಯವರು ನೀರು ಪೂರ್ತಿ ಹೋದ ಮೇಲೆ ಬರುತ್ತಿದ್ದರು. ಅವ್ವ ಮಾತ್ರ ನೀರು ಇನ್ನೂ ಮೊಣಕಾಲ ಮಟ್ಟ ಇರುವಾಗಲೇ ಮನೆಯೊಳಗೆ ಇಳಿಯುತ್ತಿದ್ದಳು. ಹಿಂದಿನ ಗೋಡೆಯಿಂದ ಶುರು. ಅದೇ ಹೊಳೆ ನೀರನ್ನು ಕೊಡದಲ್ಲಿ ಎತ್ತಿ ಗೋಡೆಗೆ ಎರಚುವುದು, ತೆಂಗಿನ ಗರಿಯ ಬಾರಿಗೆಯಿಂದ ನೆಲದ ರಾಡಿಯನ್ನು ಕಲಕುವುದು, ಅದು ತಳಕ್ಕೆ ಕೂರಲು ಬಿಡದೆ ಬಾಗಿಲ ಕಡೆಗೆ ನೂಕುವುದು. ನೀರು ಇಳಿದ ಹಾಗೆ ಇವಳು ಅದರ ಹಿಂದೆ ಹಿಂದೆ ಒಂದೊಂದು ಕೋಣೆ ದಾಟಿ ಬರುತ್ತಿದ್ದಳು. ಹೊಸ್ತಿಲಿಂದ ಕಡೆಯ ನೀರು ಹೊರಗೆ ಹೋಗುವಾಗ ಮನೆಯ ರಾಡಿಯೂ ಅದರ ಜೊತೆಗೆ ಹೋಗಿರುತ್ತಿತ್ತು. "ನೀರು ತಂದದ್ದನ್ನ ನೀರಿನ ಕೈಲೇ ಹೊರಿಸಬೇಕು," ಅನ್ನುತ್ತಿದ್ದಳು. "ನೀರು ಹೋತಂದ್ರ ರಾಡಿ ನಮ್ಮ ತಲಿ ಮ್ಯಾಲ."

ಅವ್ವ ಹಗಲೂ ಇರುಳೂ ನೀರಲ್ಲಿ ನಿಲ್ಲುತ್ತಿದ್ದಳು. ಅಕ್ಕನ ಕಾಲ್ಬೆರಳ ಸಂದಿಗಳು ಬಿಳಿಚಿಕೊಂಡು ಕೊಳೆಯುತ್ತಿದ್ದವು. ಬೇವಿನೆಣ್ಣೆ ಹಚ್ಚಿಕೊಂಡು ಮಾರನೆಯ ದಿನ ಮತ್ತೆ ಇಳಿಯುತ್ತಿದ್ದಳು. ಪ್ರತಿಯಾಗಿ ಬರುತ್ತಿದ್ದದ್ದು ಜೋಳ, ಹಳೆ ಸೀರೆ, ಒಮ್ಮೊಮ್ಮೆ ನೀರು ತಿಂದ ಸಾಮಾನು. ನಾನು ಹಾಸ್ಟೆಲಿಗೆ ಒಯ್ದ ಟ್ರಂಕು ಹಾಗೆ ಬಂದದ್ದು. ಅವ್ವ ಇಟ್ಟಿಗೆ ಪುಡಿ ಹಾಕಿ ಅದರ ತುಕ್ಕು ಉಜ್ಜಿ, ಮುಚ್ಚಳಕ್ಕೆ ನೀಲಿ ಬಣ್ಣ ಬಳಿಸಿದ್ದಳು. ಅದು ನಮ್ಮ ಅಜ್ಜನ ಕಾಲದ್ದು ಎಂದು ಹಾಸ್ಟೆಲಿನಲ್ಲಿ ಹೇಳಿದೆ. ನಮ್ಮ ಅಜ್ಜನ ಹತ್ತಿರ ಟ್ರಂಕಿನಲ್ಲಿ ಇಡುವಂಥದ್ದು ಏನಿತ್ತು?

ಶಾಲೆಯಲ್ಲಿ ನನ್ನನ್ನು "ಏ ರಾಡೀ" ಎಂದು ಕೂಗುತ್ತಿದ್ದರು. ಅದನ್ನು ಮರೆಯಲಿಕ್ಕೇ ಓದಿದೆನೇನೋ ಅನ್ನಿಸುತ್ತದೆ.

ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದ ಮೇಲೆ ಇಲ್ಲೇ ಟೌನ್‌ಶಿಪ್ಪಿನ ಕನ್ನಡದ ಕುಟುಂಬವೊಂದರಲ್ಲಿ ನನ್ನ ಮದುವೆಯಾಯಿತು. ಮಾವ ಕಾರ್ಖಾನೆಯ ಹಿರಿಯ ಅಧಿಕಾರಿಯಾಗಿದ್ದವರು, ಮೈಸೂರು ಕಡೆಯವರು. ಮದುವೆಯ ಹಿಂದಿನ ದಿನ ಛತ್ರದ ಹಿಂಬದಿಗೆ ಅಕ್ಕನನ್ನು ಕರೆದುಕೊಂಡು ಹೋಗಿ ಹೇಳಿದೆ: "ಅಕ್ಕಾ, ಅವ್ವ ಮಾಡೋ ಕೆಲಸದ ಮಾತು ಇವರ ಮುಂದ ಎತ್ತಬ್ಯಾಡ. ಒಕ್ಕಲುತನ ಅಂತ ಹೇಳು, ಸಾಕು." ಅಕ್ಕ ಕೈಯಲ್ಲಿ ವೀಳ್ಯದೆಲೆಯ ತಟ್ಟೆ ಹಿಡಿದಿದ್ದಳು. ನನ್ನ ಮುಖ ನೋಡಿದಳು. "ಆತು," ಅಂದಳು. ಅವತ್ತೂ ಅದೇ ಮಾತು.

ಅವ್ವ ಈಗಿಲ್ಲ. ನನ್ನ ಹೆಂಡತಿಗೆ ತನ್ನ ಅತ್ತೆ ಒಬ್ಬ ಒಕ್ಕಲಗಿತ್ತಿ ಎಂದಷ್ಟೇ ಗೊತ್ತಿತ್ತು.

ಅಕ್ಕನನ್ನು ಕೊಟ್ಟಿದ್ದು ವಿಜಯವಾಡಕ್ಕೆ, ಹಳಬರ ಬಾಯಲ್ಲಿ ಬೆಜವಾಡ. ಅವಳ ಅತ್ತೆ ಹುಟ್ಟಿದ್ದು ನಮ್ಮ ಸೀಮೆಯಲ್ಲೇ. ಐವತ್ತು ವರ್ಷದ ಹಿಂದೆ ತೆಲುಗಿನ ಮನೆಗೆ ಮದುವೆಯಾಗಿ ಹೋದವಳು, ಸೊಸೆಯನ್ನು ತವರಿನ ಕಡೆಯಿಂದಲೇ ತರಬೇಕೆಂದು ಹುಡುಕಿಕೊಂಡು ಬಂದಿದ್ದಳು. ಅವಳ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅಕ್ಕನ ಗಂಡ ಗವರ್ನರ್‌ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಗುಮಾಸ್ತ. ನಾನು ಮಾಮ ಅನ್ನುತ್ತೇನೆ, ತೀರ ಸಾಧು ಮನುಷ್ಯ. ಅವರ ಮನೆ ಊರಿನ ತಗ್ಗಿನ ಕಾಲೋನಿಯೊಂದರಲ್ಲಿ, ಹಳ್ಳದ ಕಡೆಗೆ. ಆ ಮಳೆಗಾಲದಲ್ಲಿ ಕೃಷ್ಣೆ ಅವರನ್ನು ಏನೂ ಮಾಡಲಿಲ್ಲ. ಹಳ್ಳ ಒಡೆದು ಬಂತು.

ಅಕ್ಕನ ಫೋನು ಬಂದ ಮೇಲೆ ರಜೆ ಮಂಜೂರಾಗಲು ಎರಡು ದಿನ, ಸಾಮಾನು ಕೊಳ್ಳಲು ಒಂದು ದಿನ, ಪ್ರಯಾಣಕ್ಕೆ ಒಂದು ದಿನ ಹಿಡಿಯಿತು. ಇಲ್ಲಿನ ದ್ವಾರಕಾ ನಗರದ ಪೇಟೆಯಲ್ಲಿ ಒಂದು ಚಿಕ್ಕ ಪಂಪು, ಪೈಪು, ಮೊಣಕಾಲ ತನಕದ ಬೂಟು, ರಬ್ಬರ್ ಗ್ಲೌಸು ಕೊಂಡೆ. ಪಂಪನ್ನು ಗೋಣಿಚೀಲದಲ್ಲಿ ಕಟ್ಟಿ ರೈಲಿನಲ್ಲಿ ಸೀಟಿನ ಕೆಳಗೆ ಇಟ್ಟುಕೊಂಡು ಹೋದೆ. ಎದುರು ಕೂತವರು ಏನದು ಎಂದು ಕೇಳಿದರು. ಅಕ್ಕನ ಮನೆಗೆ ನೀರು ನುಗ್ಗಿದೆ, ನಾನು ಎಂಜಿನಿಯರ್, ಎಂದೆ. ಕೇಳಿದ್ದು ಚೀಲದ ಬಗ್ಗೆ. ಎಂಜಿನಿಯರ್ ಅನ್ನುವುದನ್ನು ನಾನೇ ಸೇರಿಸಿದ್ದು.

ಆ ನಾಲ್ಕು ದಿನ ವಿಜಯವಾಡದಲ್ಲಿ ಸುಡುಬಿಸಿಲು.

ನಾನು ಹೋಗಿ ನಿಂತಾಗ ಮನೆಯೊಳಗೆ ಪಂಪಿಗೆ ಸಿಗುವಂಥ ಒಂದು ಬೊಗಸೆ ನೀರೂ ಇರಲಿಲ್ಲ. ನಡುಮನೆಯ ನೆಲದ ಮೇಲೆ ನಾಲ್ಕು ಬೆರಳು ದಪ್ಪದ ರಾಡಿ ಕೂತು ಒಣಗಿ, ಬಿಸಿಲಿಗೆ ಬಿರಿದು, ಕೆರೆಯ ತಳದ ಹಾಗೆ ಹಾಳೆ ಹಾಳೆಯಾಗಿತ್ತು. ಬಾಗಿಲುಗಳು ಉಬ್ಬಿ, ಬುಡದಲ್ಲಿ ರಾಡಿ ಹಿಡಿದು, ಅರ್ಧಕ್ಕೆ ನಿಂತಿದ್ದವು. ಫ್ರಿಜ್ಜು ತೇಲಿ ಹೋಗಿ ಅಡಿಗೆಮನೆಯ ಬಾಗಿಲಿಗೆ ಅಡ್ಡ ಅಂಗಾತ ಮಲಗಿತ್ತು. ಗೋಡೆಯ ಮೇಲೆ ಕಿಟಕಿಯ ಎತ್ತರಕ್ಕೆ ಕಂದು ಗೆರೆ. ಅದರ ಕೆಳಗೆ ಸುಣ್ಣದ ಮೇಲೆ ರಾಡಿ ಗಾರೆಯ ಹಾಗೆ ಅಂಟಿಕೊಂಡಿತ್ತು. ಬೂಟಿನ ಹಿಮ್ಮಡಿಯಿಂದ ಒದ್ದು ನೋಡಿದೆ. ಕಲ್ಲಿಗೆ ಒದ್ದ ಹಾಗಾಯಿತು.

ಮಹಡಿಯ ಮೇಲಿಂದ ಅತ್ತೆಯ ದನಿ ಬಂತು. ಸೊಂಟದ ಮೂಳೆ ಮುರಿದಾಗಿನಿಂದ ಅವಳು ಮೆಟ್ಟಿಲು ಇಳಿಯಲಾರಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಟಕಟೆಯ ಸಂದಿಯಿಂದ ಎಲ್ಲ ನೋಡುತ್ತಿದ್ದಳು.

"ಏಂ ಬಾಬೂ, ಪಂಪು ತಂದಿಯಾ? ಒಳ್ಳೇದಾತು ಬಿಡು. ಮದಿವಿ ಮುಗದ ಮ್ಯಾಲ ಬಾಜಾದವರು ಬಂದಂಗ ಆತು."

ಅಕ್ಕ ಅತ್ತೆಯನ್ನು ಗದರಿದಳು. "ಅತ್ತಮ್ಮಾ, ಅಂವ ರಾತ್ರಿ ನಿದ್ದಿ ಇಲ್ಲದ ಬಂದಾನ. ಸುಮ್ನಿರ್ರಿ."

"ನಾ ಏನಂದೆ? ಪಂಪು ಚಂದ ಐತಿ ಅಂದೆ."

ಎದುರು ಮನೆಯಲ್ಲಿ ಒಲೆ ಹತ್ತಿತ್ತು. ಅಲ್ಲಿ ಇಡ್ಲಿ ಬಂಡಿ ಇಟ್ಟುಕೊಂಡ ಹೆಂಗಸೊಬ್ಬಳಿದ್ದಾಳೆ. ಅವಳ ಮನೆ ಅಕ್ಕನ ಮನೆಗಿಂತ ಒಂದು ಮೆಟ್ಟಿಲು ತಗ್ಗಿನಲ್ಲಿದೆ. ಆದರೂ ನೆಲ ತೊಳೆದು ಹೊಳೆಯುತ್ತಿತ್ತು, ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತಿತ್ತು, ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು. ನನಗೆ ಟೀ ತಂದುಕೊಟ್ಟಳು. ಎಷ್ಟು ಜನ ಕೂಲಿಯವರನ್ನು ಹಾಕಿದ್ದಿರಿ ಎಂದು ತೆಲುಗಿನಲ್ಲಿ ಕೇಳಿದೆ.

ಅವಳು ನಕ್ಕಳು. "ಕೂಲೀನಾ? ಮೀ ಅಕ್ಕ ಪೈನಿಂಚಿ ಚೆಪ್ಪಿಂದಿ, ನೇನು ಚೇಸಾನು." ನಿಮ್ಮ ಅಕ್ಕ ಮೇಲಿಂದ ಹೇಳಿದಳು, ನಾನು ಮಾಡಿದೆ. ಮೊಣಕಾಲು ನೀರಿರುವಾಗ ಅಕ್ಕ ಮಹಡಿಯ ಕಟಕಟೆ ಹಿಡಿದು ನಿಂತು ಕೂಗಿ ಹೇಳಿದಳಂತೆ: ಹಿಂದಿನ ಗೋಡೆಯಿಂದ ಹಿಡಿ, ಗೋಡೆಗೆ ಎರಚು, ನಿಲ್ಲಬೇಡ, ಕಲಕುತ್ತಾ ಇರು, ನೀರಿನ ಹಿಂದೆ ಬಾ. ಮಧ್ಯಾಹ್ನದ ಹೊತ್ತಿಗೆ ಮನೆ ಖಾಲಿಯಾಯಿತಂತೆ. ಎರಡು ದಿನಕ್ಕೆ ಇಡ್ಲಿ ಹಾಕಿದಳಂತೆ.

"ನೀನು ಯಾಕೆ ಇಳಿಯಲಿಲ್ಲ ಅಂತ ಕೇಳಿದೆ," ಅಂದಳು ಅವಳು. "ನಮ್ಮ ತಮ್ಮ ಎಂಜಿನಿಯರ್, ಬೇಡ ಅಂದಿದ್ದಾನೆ, ಏನಾದರೂ ಕಾರಣ ಇರುತ್ತದೆ ಅಂದಳು."

ಟೀ ಅರ್ಧಕ್ಕೇ ಬಿಟ್ಟು ಲೋಟ ಕೊಟ್ಟು ಬಂದುಬಿಟ್ಟೆ.

ಮನೆ ಒಣಗಲಿ, ನಿಧಾನಕ್ಕೆ ಮಾಡಿದರಾಯಿತು ಎನ್ನುವ ಹಾಗೆ ಇರಲಿಲ್ಲ. ಮಹಾಲಯ ಅಮಾವಾಸ್ಯೆಗೆ ಹತ್ತು ದಿನ ಉಳಿದಿತ್ತು. ಆ ದಿನ ಅತ್ತೆ ತನ್ನ ಗಂಡನಿಗೆ, ಅವಳ ತೆಲುಗಿನ 'ಆಯನ'ನಿಗೆ, ಎಡೆ ಇಡುತ್ತಾಳೆ. ಆತ ತೀರಿಕೊಂಡಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಸೊಂಟ ಮುರಿದ ವರ್ಷವೂ ಮಂಚದ ಮೇಲೆ ಮಲಗಿಯೇ ಅಕ್ಕನ ಕೈಯಲ್ಲಿ ಮಾಡಿಸಿದ್ದಳು. ಆ ಮನೆ ಆತ ಕಟ್ಟಿಸಿದ್ದು, ಆ ಒಲೆಯ ಕಟ್ಟೆಯ ಕಡಪ ಕಲ್ಲು ಆತ ಸೈಕಲ್ಲಿನಲ್ಲಿ ತಂದದ್ದು. ಪಕ್ಕದ ಮನೆಯವರು ನಮ್ಮ ಮಹಡಿಯಲ್ಲೇ ಮಾಡಿರಿ ಎಂದರು. ಅತ್ತೆ ಒಪ್ಪಲಿಲ್ಲ.

"ಆಯನ ಎಲ್ಲಿಗೆ ಬರ್ತಾನ? ತನ್ನ ಮನಿಗೆ ಬರ್ತಾನ. ಮಂದಿ ಮಾಳಿಗಿ ಮ್ಯಾಲ ಹುಡುಕ್ಯಾಡ್ತಾನೇನು?" ಎಂದು ಕೇಳಿ ಆ ಕಡೆ ಮುಖ ತಿರುಗಿಸಿದಳು. ದೂರದಲ್ಲಿ ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಮಸುಕಾಗಿ ಕಾಣುತ್ತಿತ್ತು. ಅತ್ತಕಡೆ ಕೈ ಮುಗಿದಳು. ಬಯ್ಯುವಾಗಲೂ ಆ ಕಡೆಗೇ ನೋಡಿ ಬಯ್ಯುತ್ತಿದ್ದಳು, ನನ್ನನ್ನೋ ಅಮ್ಮನವರನ್ನೋ ತಿಳಿಯುತ್ತಿರಲಿಲ್ಲ.

ಹಾಗಾಗಿ ಅಮಾವಾಸ್ಯೆಯೊಳಗೆ ಅಡಿಗೆಮನೆಯಾದರೂ ಮನೆಯಾಗಬೇಕಿತ್ತು.

ಮಾಮ ಅಂಗಡಿಗೆ ಹೋಗುವ ಮೊದಲು ಒಂದಿಷ್ಟು, ಬಂದ ಮೇಲೆ ಒಂದಿಷ್ಟು ಮಾಡುತ್ತಿದ್ದರು. ಗವರ್ನರ್‌ಪೇಟೆಯಿಂದ ಬಾರಿಗೆ, ಬಾಂಡ್ಲಿ, ಫಿನಾಯಿಲು ತಂದುಕೊಟ್ಟರು. ಉಳಿದದ್ದು ನಾನು ಮತ್ತು ಅಕ್ಕ. ನಾನು ಹಾರೆಯಿಂದ ಕುಟ್ಟಿ ಸಡಿಲ ಮಾಡುವುದು, ಅವಳು ಕಳೆ ಕೀಳುವ ಕುರುಪಿಯಿಂದ ಕೆತ್ತಿ ಬಾಂಡ್ಲಿಗೆ ತುಂಬುವುದು, ಹೊತ್ತು ಬೀದಿಯ ಗುಡ್ಡೆಗೆ ಸುರಿಯುವುದು. ಗಟ್ಟಿಯಾದ ರಾಡಿಯ ಮೇಲೆ ನೀರು ಹಾಕಿದರೆ ಮೇಲಿನ ಪದರ ಮಾತ್ರ ಲೋಳೆಯಾಗಿ ಕಾಲು ಜಾರುತ್ತಿತ್ತು, ಕೆಳಗೆ ಹಾಗೇ ಕಲ್ಲು. ಹಾರೆ ತಪ್ಪಿ ಬಿದ್ದು ನೆಲದ ಬಂಡೆ ಎರಡು ಕಡೆ ಒಡೆಯಿತು. ಬಾಗಿಲಿನ ಕೆಳಗಿನ ಹಲಗೆಯನ್ನು ಕತ್ತರಿಸಿ ತೆಗೆಯಬೇಕಾಯಿತು. ಇದ್ಯಾವುದೂ ಆಗಬೇಕಿರಲಿಲ್ಲ. ಎದುರು ಮನೆಯ ಬಾಗಿಲು ದಿನವೂ ಸಲೀಸಾಗಿ ತೆರೆದು ಮುಚ್ಚುತ್ತಿತ್ತು.

ಗ್ಲೌಸು ಎರಡನೆಯ ದಿನ ಹರಿಯಿತು. ನನ್ನ ಕೈಯ ಬೊಬ್ಬೆ ನೋಡಿ ಅಕ್ಕ ನಕ್ಕಳು.

"ಸಾಹೇಬರ ಕೈ. ಪೆನ್ನು ಹಿಡಿಯೋ ಕೈ."

"ಸಾಕು ಸುಮ್ಕಿರಬೇ."

"ಹಾರಿ ಅಡ್ಡ ಹಿಡಿಯೋ ಮಾರಾಯಾ. ನೆಟ್ಟಗ ಕುಟ್ಟಿದ್ರ ನೆಲ ಹೋಕ್ಕತಿ. ಅಡ್ಡ ಹಿಡಿದು ಮೀಟು. ರೊಟ್ಟಿ ಹಂಚಿನಿಂದ ಎಬ್ಬಿಸಿದಂಗ."

ಅವಳು ತೋರಿಸಿಕೊಟ್ಟಳು. ಹಾಳೆ ಹಾಳೆಯಾಗಿ ಎದ್ದಿತು. ಅವಳು ಹಾಗೆ ಕೂತು, ಸೆರಗು ಸೊಂಟಕ್ಕೆ ಕಟ್ಟಿ, ಗೋಡೆಯ ಮೂಲೆಯಿಂದ ಶುರು ಮಾಡಿದ ರೀತಿಯಲ್ಲಿ ಅವ್ವ ಕಂಡಳು. ನಾನು ಆ ಕಡೆ ನೋಡದೆ ಬಾಂಡ್ಲಿ ಹೊತ್ತೆ.

ಆಗ ಅವಳೇ ಅಂದಳು: "ನೀ ಸಣ್ಣಾವ ಇದ್ದಿ ಬಿಡು. ಅವ್ವ ಹೆಂಗ ಮಾಡ್ತಿದ್ಲು ನಿನಗೆಲ್ಲಿ ನೆನಪಿರತೈತಿ? ಮರತೀ. ನಂದ ತಪ್ಪು, ನಾ ನೆನಪು ಮಾಡಿಕೊಡಬೇಕಿತ್ತು."

ಬಾಂಡ್ಲಿ ಹೊತ್ತುಕೊಂಡೇ ನಿಂತೆ. "ಹೂಂ," ಅಂದೆ. "ಮರತಿದ್ದೆ."

ಅದು ಸುಳ್ಳು. ಮರೆಯುವುದು ನನಗೆ ಸಾಧ್ಯವೇ ಇರಲಿಲ್ಲ. ಕಾರ್ಖಾನೆಯಲ್ಲಿ ನಾನಿರುವುದು ನೀರೆತ್ತುವ ವಿಭಾಗದಲ್ಲಿ. ಅಲ್ಲಿ ನೀರು ಕೂಡಿಡುವ ದೊಡ್ಡ ತೊಟ್ಟಿಗಳಿವೆ. ಪ್ರತಿ ಮಳೆಗಾಲಕ್ಕೆ ಮೊದಲು ಕೆಲಸಗಾರರನ್ನು ನಿಲ್ಲಿಸಿ ನಾನೇ ಹೇಳುತ್ತೇನೆ: ತೊಟ್ಟಿ ಪೂರ್ತಿ ಖಾಲಿ ಮಾಡಿ ಆಮೇಲೆ ಕೆಸರು ತೆಗೆಯಲು ಹೋಗಬೇಡಿ, ನೀರಿರುವಾಗಲೇ ಕಲಕಿ ನೀರಿನ ಜೊತೆಗೇ ಹೊರಗೆ ಹಾಕಿ, ಕೂತರೆ ಕಲ್ಲಾಗುತ್ತದೆ. ಹೊಸಬರು ತಲೆದೂಗುತ್ತಾರೆ, ಕೆಲವರು ಬರೆದುಕೊಳ್ಳುತ್ತಾರೆ. ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದೆಂದು ಅವರು ತಿಳಿದಿದ್ದಾರೆ. ಅವ್ವನ ಮಾತನ್ನೇ ನಾನು ಸಂಬಳಕ್ಕೆ ಹೇಳುತ್ತಿದ್ದೆ.

ಕರೆಂಟಿನ ಮಾತೂ ಅಷ್ಟೇ. ಕಾಲೋನಿಗೆ ವಾರದಿಂದ ಕರೆಂಟು ಕಡಿದಿದ್ದಾರೆಂದು ಅಕ್ಕನ ಆ ಫೋನಿನ ಹಿಂದಿನ ದಿನವೇ ಮಾಮ ನನಗೆ ಹೇಳಿದ್ದರು.

ಏಳನೆಯ ದಿನಕ್ಕೆ ಅಡಿಗೆಮನೆಯ ಕಟ್ಟೆಯ ಕಲ್ಲು ಕಂಡಿತು. ಅಕ್ಕ ಅದನ್ನು ತೊಳೆದು, ಬೂದಿ ಹಾಕಿ ಉಜ್ಜಿ, ಅಂಗೈ ಇಟ್ಟು ನೋಡಿ, "ಅತ್ತಮ್ಮಾ, ನಿಮ್ಮ ಕಲ್ಲು ಬಂತು," ಎಂದು ಕೂಗಿದಳು. ಮೇಲಿಂದ ಮೂಗು ಒರೆಸಿಕೊಂಡ ದನಿಯಲ್ಲಿ ಅತ್ತೆ ಅಂದಳು: "ನಿಮ್ಮವ್ವ ಇದ್ದಿದ್ರ ಒಂದ ದಿನದಾಗ ಮಾಡ್ತಿದ್ಲು ನೋಡ ಅಮ್ಮಾಯೀ."

ನನ್ನ ಕೈಯಲ್ಲಿದ್ದ ಹಾರೆ ನಿಂತಿತು.

ಅಂದು ಸಂಜೆ ಊಟದ ಹೊತ್ತಿಗೆ ಮಹಡಿಯ ಮೇಲೆ ಅತ್ತೆಯ ಎದುರು ಕೂತು ಕೇಳಿದೆ, ಅವ್ವನ ಕೆಲಸ ನಿಮಗೆ ಹೇಗೆ ಗೊತ್ತು ಎಂದು.

"ಗೊತ್ತಿಲ್ಲದ ತಂದಿನೇನು ಸೊಸಿನ?" ಅಂದಳು. "ಹೆಣ್ಣು ನೋಡಾಕ ಬಂದಾಗ ನಿಮ್ಮವ್ವ ತನ್ನ ಕೈ ನನ್ನ ಮುಂದ ಚಾಚಿದ್ಲು. ಕೊಡಾಕ ಬಂಗಾರ ಇಲ್ರೀ ನನ್ನ ಹತ್ರ, ಆದ್ರ ಹೊಳಿ ಹೊಕ್ಕ ಮನೀನ ಒಂದ ದಿನದಾಗ ಹೊಳ್ಳಿ ಮನಿ ಮಾಡ್ತಾಳ ನನ್ನ ಮಗಳು ಅಂದ್ಲು. ಎಷ್ಟು ಗರ್ವದಿಂದ ಅಂದ್ಲು ಗೊತ್ತಾ ಬಾಬೂ! ನಾ ನಮ್ಮ ಆಯನಗ ಅಂದೆ, ಬೆಜವಾಡದಾಗ ಬಾಳೋರಿಗೆ ಇದಕ್ಕಿಂತ ಬಂಗಾರ ಯಾವುದು ಬೇಕು?" ತಟ್ಟೆಯಲ್ಲಿದ್ದ ಮಜ್ಜಿಗೆ ಅನ್ನ ಕಲಸುತ್ತಾ ಮುಂದುವರಿಸಿದಳು. "ನೀರು ಇಳಿಯೋವಾಗ ನಾನೂ ಅಂದೆ ಈಕಿಗೆ, ಹೋಗೇ, ಇಳಿಯೇ, ನಿಮ್ಮವ್ವ ಕಲಿಸಿದ್ದು ಈಗ ತೋರಿಸೇ ಅಂತ. ಊಹೂಂ. ತಮ್ಮ, ತಮ್ಮ, ತಮ್ಮ."

ಕೆಳಗೆ ಬಂದು ಅಕ್ಕನನ್ನು ಕೇಳಿದೆ. "ಅತ್ತಮ್ಮಗ ಗೊತ್ತಿತ್ತಂತ."

"ಹೂಂ. ಮೊದಲಿಂದ."

"ಮತ್ತ ನನ್ನ ಮುಂದ ಒಂದ ದಿನಾನೂ ಹೇಳಲಿಲ್ಲ?"

"ಆ ಮಾತು ಎತ್ತಬ್ಯಾಡ ಅಂದಾವ ನೀ. ಎತ್ತಲಿಲ್ಲ." ಬಾರಿಗೆಯನ್ನು ಗೋಡೆಗೆ ಬಡಿದು ಧೂಳು ಕೊಡವಿದಳು. ಕೋಪವಿರಲಿಲ್ಲ. ನಾನು ಅಂಗಡಿಯಿಂದ ಉಪ್ಪು ತರಲು ಹೇಳಿದ್ದೆ, ತಂದಳು, ಅನ್ನುವ ಹಾಗೆ ಹೇಳಿದಳು.

ಅವ್ವ ಎಲ್ಲರೆದುರು ಚಾಚಿ ತೋರಿಸಿದ ಕೈಯನ್ನು ಇಷ್ಟು ವರ್ಷ ಬಚ್ಚಿಟ್ಟವನು ನಾನೊಬ್ಬನೇ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಮಾಮ ಮತ್ತು ನಾನು ಅತ್ತೆಯನ್ನು ಕುರ್ಚಿಯ ಸಮೇತ ಎತ್ತಿಕೊಂಡು ಮೆಟ್ಟಿಲಿಳಿದೆವು. "ಮೆಲ್ಲಗೆ, ಮೆಲ್ಲಗೆ, ಇನ್ನೊಂದು ಸೊಂಟ ಇಲ್ಲ ನನಗ," ಎಂದು ಇಬ್ಬರನ್ನೂ ಬಯ್ದಳು. ನಡುಮನೆಯಲ್ಲಿ ಇನ್ನೂ ಅರ್ಧದಷ್ಟು ರಾಡಿ ಇತ್ತು. ಅದರ ನಡುವೆ ಒಬ್ಬರು ನಡೆಯುವಷ್ಟು ದಾರಿ ಕೆತ್ತಿದ್ದೆವು. ಆ ದಾರಿಯಲ್ಲಿ ಕುರ್ಚಿ ಹೊತ್ತು ಹೋಗುವಾಗ ಅತ್ತೆ ಎರಡೂ ಕಡೆಯ ಗೋಡೆಗಳ ಕಂದು ಗೆರೆ ನೋಡಿದಳು. ಅಡಿಗೆಮನೆಯಲ್ಲಿ ಕುರ್ಚಿ ಇಳಿಸಿದಾಗ ಕಟ್ಟೆಯ ಕಲ್ಲಿನ ಮೇಲೆ ಕೈಯಿಟ್ಟು ಹಾಗೇ ಕೂತಳು.

ಎದುರು ಮನೆಯ ಹೆಂಗಸು ಸ್ಟೌ ಕೊಟ್ಟಿದ್ದಳು. ಅಕ್ಕ ಅನ್ನ, ತೊವ್ವೆಯಂಥ ಪಪ್ಪು, ಗಾರೆಲು ಅಂದರೆ ನಮ್ಮ ಉದ್ದಿನ ವಡೆ, ಪಾಯಸ ಮಾಡಿದಳು. ಎಲೆ ಹಾಕಿ ಬಡಿಸಿದ ಮೇಲೆ ಅತ್ತೆ ಇನ್ನೊಂದು ಎಲೆ ಹಾಕು ಅಂದಳು.

"ಇನ್ನೊಂದು ಯಾರಿಗೆ ಅತ್ತಮ್ಮಾ?"

"ನಿಮ್ಮವ್ವಗ. ಈ ಮನ್ಯಾಗ ಆಕಿ ಕೆಲಸ ನಡದೈತಿ, ಉಣ್ಣದ ಹೋಗ್ತಾಳೇನು?" ಆಮೇಲೆ ನನ್ನ ಕಡೆ ತಿರುಗಿದಳು. "ಏನು ಇಷ್ಟ ಬಾಬೂ ಆಕಿಗೆ? ಅದನ್ನೂ ಒಂಚೂರು ಇಡೋಣ."

ನಾನು ಬಾಯಿ ತೆರೆದೆ. ಅವ್ವ ನನಗೆ ಬಡಿಸಿದ್ದೆಲ್ಲ ನೆನಪಿತ್ತು. ಅವಳು ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದಳು ಅನ್ನುವುದು ನೆನಪಿರಲಿಲ್ಲ. ನಿಜ ಹೇಳಬೇಕೆಂದರೆ ಅದು ನನಗೆ ಯಾವತ್ತೂ ಗೊತ್ತಿರಲಿಲ್ಲ.

"ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ," ಅಂದಳು ಅಕ್ಕ. "ರಾಡಿ ತೆಗೆದು ಬಂದ ದಿನ ಅದನ್ನಷ್ಟ ಉಣ್ಣಾಕಿ. ಕೈಯಾಗಿನ ವಾಸನಿ ಹೋಗ್ತಿದ್ದಿಲ್ಲ. ಉಳ್ಳಾಗಡ್ಡಿ ವಾಸನಿ ಅದನ್ನ ಮುಚ್ಚತೈತಿ ಅಂತಿದ್ಲು."

ರೊಟ್ಟಿಗೆ ಜೋಳದ ಹಿಟ್ಟಿರಲಿಲ್ಲ. ಅಕ್ಕ ಒಂದು ಉಳ್ಳಾಗಡ್ಡಿ ಗುದ್ದಿ ಎಲೆಯ ತುದಿಗೆ ಇಟ್ಟಳು.

ಆ ಎಲೆಯ ಮುಂದೆ ಕೂತು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಕೈ ಮುಗಿದು ಎದ್ದ ಮೇಲೆ, ಅಕ್ಕ ನಡುಮನೆಯ ದಾರಿಯಲ್ಲಿ ನೀರಿನ ಕೊಡ ತರುತ್ತಿದ್ದಾಗ, ತಡೆದು ನಿಲ್ಲಿಸಿ ಹೇಳಿದೆ.

"ಅಕ್ಕಾ, ನಾ ಮರತಿರಲಿಲ್ಲ."

"ಏನು?"

"ಅವ್ವ ಹೆಂಗ ಮಾಡ್ತಿದ್ಲು ಅನ್ನೋದು. ಎಲ್ಲಾ ನೆನಪಿತ್ತು. ನೀ ಫೋನ್ ಮಾಡಿದಾಗ ಸ್ಪೀಕರ್ ಹಾಕಿದ್ದೆ. ನನ್ನ ಹೇಣ್ತಿನೂ ಇದ್ಲು, ಆಕಿ ತಾಯಿನೂ ಬಂದಿದ್ರು, ನಿಮ್ಮ ಸುದ್ದಿ ಕೇಳಾಕಂತ ಕೂತಿದ್ರು. ನೀ 'ಕೆಳಗ ಹೋಗ್ಲೇನು' ಅಂದ ಕೂಡ್ಲೇ 'ಅವ್ವ ಮಾಡ್ತಿದ್ಲಲ್ಲ, ಹಂಗ ನೀರಿನ ಬೆನ್ನಿಗೇ' ಅಂತ ಶುರು ಮಾಡಿದಿ. ಅವರಿಗೆ ಕೇಳಸ್ತೈತಿ ಅಂತ ನಾ ನಡುವ ಕಡಿದೆ. ಕರೆಂಟು, ಹಾವು ಎಲ್ಲಾ ಬಾಯಿಗೆ ಬಂದದ್ದು ಹೇಳಿದೆ."

ಈ ಬರಹದ ಮೊದಲಲ್ಲಿ ಆ ಫೋನಿನ ಮಾತನ್ನು ಬರೆಯುವಾಗಲೂ ಅಕ್ಕನ ಆ ಅರ್ಧ ವಾಕ್ಯವನ್ನು ಬಿಟ್ಟು ಬರೆದಿದ್ದೆ. ಬಿಟ್ಟದ್ದು ಈಗ ನನಗೇ ಕಂಡಿತು. ಹಾಗೇ ಇರಲಿ ಎಂದು ತಿದ್ದದೆ ಉಳಿಸಿದ್ದೇನೆ.

ಅಕ್ಕ ಕೊಡವನ್ನು ಕೆಳಗಿಡಲಿಲ್ಲ. ಸೊಂಟದ ಮೇಲೆ ಹಾಗೇ ಇತ್ತು. ಕೆತ್ತದೆ ಉಳಿದ ರಾಡಿಯ ಕಡೆ ನೋಡಿದಳು, ಒಡೆದ ಬಂಡೆ ನೋಡಿದಳು, ಬುಡ ಕತ್ತರಿಸಿದ ಬಾಗಿಲು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ಮರತೀ ಅಂತಲೇ ಇದ್ದಿದ್ರ ಚಲೋ ಇತ್ತು, ತಮ್ಮಾ," ಅಂದಳು.

ಅಷ್ಟೇ. ಒಳಗೆ ಹೋಗಿ ಎಲ್ಲರಿಗೂ ಬಡಿಸಿದಳು. ನನಗೂ ಬಡಿಸಿದಳು, ಇನ್ನೂ ಬೇಕೇನು ಎಂದು ಕೇಳಲಿಲ್ಲ. ಅಕ್ಕ ಹಾಗೆ ಕೇಳದೆ ಮುಂದೆ ಹೋದದ್ದು ನನಗೆ ಬುದ್ಧಿ ಬಂದಾಗಿನಿಂದ ಅದೇ ಮೊದಲು. ಅತ್ತೆ ಅವಳ ಮುಖ, ನನ್ನ ಮುಖ ನೋಡಿ ತಲೆ ಬಗ್ಗಿಸಿ ಉಂಡಳು.

ನನ್ನ ರಜೆ ಅವತ್ತಿಗೆ ಮುಗಿಯುತ್ತಿತ್ತು. ಸಂಜೆಯ ರೈಲಿಗೆ ಟಿಕೇಟು ಇತ್ತು. ಎಲೆ ಎತ್ತಿದ ಮೇಲೆ ಅಕ್ಕ ಬೇರೆ ಕಡೆ ನೋಡುತ್ತಾ ಕೇಳಿದಳು: "ನಿನ್ನ ಗಾಡಿ ಎಷ್ಟೊತ್ತಿಗೆ?"

"ಹೋಗೂದಿಲ್ಲ. ರಜಾ ಮುಂದ ಹಾಕ್ತೀನಿ."

ಅವಳು ಸೆರಗು ಸೊಂಟಕ್ಕೆ ಕಟ್ಟಿದಳು. ಗೋಡೆಗೆ ಒರಗಿಸಿದ್ದ ಹಾರೆಯನ್ನು ತಂದು ನನ್ನ ಮುಂದೆ ಇಟ್ಟಳು.

"ಹಿಂದಿನ ಗ್ವಾಡಿಯಿಂದ ಹಿಡಿ," ಅಂದಳು.

ಇಬ್ಬರೂ ನಡುಮನೆಯ ಎರಡು ಮೂಲೆಗಳಲ್ಲಿ ಕೂತು ಕೆತ್ತತೊಡಗಿದೆವು. ಸ್ವಲ್ಪ ಹೊತ್ತಿಗೆ ನನ್ನ ಫೋನು ಬಂತು. ಹೆಂಡತಿ. ಕೈಯೆಲ್ಲ ರಾಡಿ, ಕಿವಿಗೆ ಹಿಡಿಯುವ ಹಾಗಿರಲಿಲ್ಲ. ಸ್ಪೀಕರ್ ಒತ್ತಿ ನೆಲದ ಮೇಲಿಟ್ಟೆ.

"ಸ್ಟೇಷನ್ನಿಗೆ ಹೊರಟ್ರಾ?"

"ಇಲ್ಲ. ಇನ್ನೂ ಒಂದು ವಾರ ಬೇಕು. ಮಣ್ಣು ಗಟ್ಟಿಯಾಗಿದೆ." ಹಾರೆ ಕೆಳಗಿಟ್ಟು ಹೇಳಿದೆ: "ನೋಡು, ನಮ್ಮ ಅವ್ವ ಇದೇ ಕೆಲಸ ಮಾಡ್ತಿದ್ದಳು. ಬೇರೆಯವರ ಮನೆಗಳಲ್ಲಿ. ಹೊಳೆ ಬಂದು ಹೋದ ಮೇಲೆ ಕೆಸರು ತೆಗೆಯೋದು. ಅಕ್ಕನೂ ಮಾಡ್ತಿದ್ದಳು. ನಾನು ಓದಿದ್ದು ಅದರಿಂದಲೇ. ನಿನಗೆ ಒಕ್ಕಲುತನ ಅಂತ ಹೇಳಿದ್ದೆ. ನಮಗೆ ಹೊಲ ಇರಲಿಲ್ಲ."

ಆ ಕಡೆ ಟೀವಿಯ ದನಿ ತಗ್ಗಿತು.

"ಇದನ್ನ ಈಗ್ಯಾಕೆ ಹೇಳ್ತಿದ್ದೀರಾ?" ಎಂದಳು. ಆಮೇಲೆ "ಸರಿ, ಕೈಗೆ ಏನಾದ್ರೂ ಹಾಕ್ಕೊಳ್ಳಿ, ಗಾಯ ಆದೀತು," ಎಂದು ಫೋನು ಇಟ್ಟಳು.

ಆ ಮೂಲೆಯಲ್ಲಿ ಅಕ್ಕನ ಕುರುಪಿಯ ಸದ್ದು ನಿಂತಿತ್ತು. ಮತ್ತೆ ಶುರುವಾಯಿತು. ಅವಳು ತಿರುಗಿ ನೋಡಲಿಲ್ಲ. ನಾನು ಹಾರೆಯನ್ನು ಅಡ್ಡ ಹಿಡಿದು ಮೀಟಿದೆ.